ಟಿವಿಯಲ್ಲಿ ದೇವರು ಬರುತ್ತಿದ್ದ ಕಾಲ

ಹೋದ ವಾರ ಬೇಲೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಅಮ್ಮನನ್ನು ಬಿಪಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತು ತಲೆ ಎತ್ತಿದರೆ ಎದುರು ಗೋಡೆಯಲ್ಲಿ ಆ ಪಟ! ಯಾವುದೋ ಕೊಬ್ಬರಿ ಮಂಡಿಯವರು ಹಂಚಿದ ಕ್ಯಾಲೆಂಡರು. ನೇರಳೆ ಬಣ್ಣದ ಕೈಲಾಸ, ಹುಲಿಚರ್ಮದ ಮೇಲೆ ಶಿವ ಪಾರ್ವತಿ, ಪಾರ್ವತಿಯ ತೊಡೆಯ ಮೇಲೆ ಗಣಪ, ಮುಂದೆ ಮುಖಕ್ಕಿಂತ ಕಣ್ಣೇ ದೊಡ್ಡದಾದ ನಂದಿ. ಅಮ್ಮನ ಮೊಣಕೈ ತಿವಿದು ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಅಯ್ಯೋ, ನಮ್ಮ ದೊಡ್ಡಮ್ಮನ ದೇವರು ಕಣೇ!"

ಕಿವಿ ಮಂದವಾದ ಮೇಲೆ ಅಮ್ಮನದು ದೊಡ್ಡ ಗಂಟಲು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಅವರಿಗೇನು ಗೊತ್ತು, ಅರಸೀಕೆರೆಯ ನಮ್ಮ ಬೀದಿಯಲ್ಲಿ ಈ ಪಟ ಗೋಡೆಯಲ್ಲಿರುತ್ತಿರಲಿಲ್ಲ, ಟಿವಿಯ ಒಳಗೇ ಬರುತ್ತಿತ್ತು ಅಂತ…

ದೊಡ್ಡಮ್ಮ ಎಂದರೆ ನಮ್ಮ ಸಂಬಂಧಿಯಲ್ಲ. ಎದುರುಮನೆಯವರು. ಅವರ ಯಜಮಾನರು ಕೊಬ್ಬರಿ ವ್ಯಾಪಾರಿ. ಇಡೀ ಬೀದಿ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿತ್ತು, ಅವರಿಗಿಂತ ವಯಸ್ಸಾದವರೂ ಸೇರಿ. ಹಣೆ ತುಂಬ ವಿಭೂತಿ, ಒಪ್ಪವಾದ ಗಂಟು, ಇಸ್ತ್ರಿ ಮಾಡದಿದ್ದರೂ ಗೆರೆ ಕೆಡದ ಇಳಕಲ್ ಸೀರೆ. ಅವರ ಮನೆಯ ಅಟ್ಟದಲ್ಲಿ ವರ್ಷವಿಡೀ ತೆಂಗಿನಕಾಯಿ ಒಣಗುತ್ತಿದ್ದವು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಟ್ಟಿದೆಯೋ ಇನ್ನೂ ನೀರಿದೆಯೋ ಹೇಳಿಬಿಡುತ್ತಿದ್ದರು. ಆ ಮನೆಗೆ ಕಾಲಿಟ್ಟರೆ ಕೊಬ್ಬರಿಯ ಎಣ್ಣೆಗಂಪು ಸೀರೆಗೆ ಹತ್ತಿಕೊಂಡು ನಮ್ಮ ಮನೆವರೆಗೂ ಬರುತ್ತಿತ್ತು.

ಊರಿಗೆ ಕೇಬಲ್ ಟಿವಿ ಬಂದು ಇಷ್ಟಿಷ್ಟೇ ಚಾನೆಲ್ಲುಗಳು ಹೆಚ್ಚುತ್ತಿದ್ದ ದಿನಗಳು ಅವು. ನಾನಾಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಕೇಬಲ್‌ನವನ ಆಫೀಸು ಇದ್ದದ್ದು ದೊಡ್ಡಮ್ಮನ ಮನೆಯ ಕೆಳಗಿನ ಮಳಿಗೆಯಲ್ಲಿ, ಅವನ ದೊಡ್ಡ ಬಾಣಲೆಯಂಥ ಡಿಶ್ ಕೂತದ್ದು ಅವರ ತಾರಸಿಯಲ್ಲಿ. ಹೀಗಾಗಿ ಊರಿಗೆ ಏನು ಕಾಣಬೇಕು ಏನು ಕಾಣಬಾರದು ಎನ್ನುವ ಅಧಿಕಾರ ತಾನಾಗಿಯೇ ಅವರ ಕೈಗೆ ಬಂದಿತ್ತು. ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಒಂದು ಸಂಘ ಮಾಡಿದ್ದರು. ಪೇಟೆಯಲ್ಲಿ ಸಿನಿಮಾ ಪೋಸ್ಟರಿಗೆ ಸಗಣಿ ಬಳಿಸಿದ್ದರು. ಟಿವಿಯ ವಿಷಯಕ್ಕೆ ಮಾತ್ರ ಸಂಘವೂ ಬೇಕಿರಲಿಲ್ಲ, ಅವರೊಬ್ಬರೇ ಸಾಕು. ಸಂಜೆ ದೀಪ ಹಚ್ಚಿ ಟಿವಿಯ ಮುಂದೆ ಕೂರುವರು. ಪಕ್ಕದ ಸ್ಟೂಲಿನ ಮೇಲೆ ಫೋನು. ಹಾಡಿನಲ್ಲಿ ನಾಯಕ ನಾಯಕಿಯ ಸೊಂಟಕ್ಕೆ ಕೈ ಹಾಕಿದನೋ, ಫೋನು ಎತ್ತುವರು.

"ಏಯ್, ತೆಗಿಯೋ ಅದನ್ನ."

ಕೆಳಗಿನಿಂದ "ಆಯ್ತು ಅಮ್ಮಾವ್ರೆ" ಅನ್ನುವುದು ಫೋನಿನಲ್ಲೂ ಕೇಳುತ್ತಿತ್ತು, ಕಿಟಕಿಯಲ್ಲೂ ಕೇಳುತ್ತಿತ್ತು. ಮರುಕ್ಷಣ ಇಡೀ ಊರಿನ ಟಿವಿಗಳಲ್ಲಿ ನಾಯಕ ನಾಯಕಿ ಮಾಯವಾಗಿ ಈ ಶಿವನ ಕುಟುಂಬ ಪ್ರತ್ಯಕ್ಷ. ಕೆಳಗೆ 'ಅಡಚಣೆಗಾಗಿ ಕ್ಷಮಿಸಿ' ಎಂಬ ಬರಹ. ಯಾರದೋ ಮನೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಪಟವನ್ನೇ ಕೇಬಲ್‌ನವನು ಕ್ಯಾಮೆರಾದಲ್ಲಿ ಹಿಡಿದು ಇಟ್ಟುಕೊಂಡಿದ್ದ. ನಮ್ಮೂರಿನಲ್ಲಿ ಇದಕ್ಕೆ 'ದೇವರು ಬರುವುದು' ಎಂದೇ ಹೆಸರಾಯಿತು. "ನಿನ್ನೆ ರಾತ್ರಿ ಸಿನಿಮಾದಾಗೆ ಎಷ್ಟು ಸಲ ದೇವ್ರು ಬಂದ್ನೋ?" ಎಂದು ಹೋಟೆಲಿನಲ್ಲಿ ಗಂಡಸರು ಮಾತಾಡಿಕೊಳ್ಳುತ್ತಿದ್ದರು. ಹೆಚ್ಚು ಸಲ ದೇವರು ಬಂದ ಸಿನಿಮಾ ನೋಡಲು ಹಾಸನದ ಟಾಕೀಸಿಗೆ ಹೋಗಿಬಂದವರೂ ಉಂಟು. ನೋಡಿ ಬಂದವರು "ಏನೂ ಇಲ್ಲ ಕಣ್ರೋ ಅದ್ರಾಗೆ" ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ದೇವರ ಹಿಂದೆ ನಾವು ಊಹಿಸಿಕೊಂಡಷ್ಟು ಯಾವ ನಿರ್ದೇಶಕನೂ ತೆಗೆದಿರಲಿಲ್ಲ.

ಹೀಗಿರುವಾಗ ಒಂದು ಚಾನೆಲ್ಲಿನಲ್ಲಿ ಬುಧವಾರ ಮಧ್ಯಾಹ್ನ ಹೆಂಗಸರ ಆರೋಗ್ಯದ ಕಾರ್ಯಕ್ರಮವೊಂದು ಶುರುವಾಯಿತು. ಕನ್ನಡಕದ ಒಬ್ಬ ಡಾಕ್ಟರಮ್ಮ, ಅವರ ಮುಂದೆ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಗರ್ಭಕೋಶ. ಮೊದಲ ವಾರ ಅಮ್ಮನೂ ನಾನೂ ಊಟ ಮಾಡುತ್ತಾ ನೋಡುತ್ತಿದ್ದೆವು. ಡಾಕ್ಟರಮ್ಮ ಯಾವ ಸಂಕೋಚವೂ ಇಲ್ಲದೆ, ಸಾರಿನ ಪುಡಿಯ ಅಳತೆ ಹೇಳಿದ ಹಾಗೆ ಹೇಳುತ್ತಿದ್ದರು. "ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಾಣಿಸಿಕೊಂಡರೆ…"

ಅಷ್ಟೇ. ಶಿವ, ಪಾರ್ವತಿ, ಗಣಪ, ನಂದಿ.

ಸಂಜೆ ಅಮ್ಮ ಜಗಲಿಯಲ್ಲಿ ಸಿಕ್ಕಿದ ದೊಡ್ಡಮ್ಮನನ್ನು ಕೇಳಿಯೇಬಿಟ್ಟಳು. "ಡಾಕ್ಟ್ರು ಹೇಳೋದನ್ನೂ ತೆಗೆಸೋದಾ ದೊಡ್ಡಮ್ಮ? ನಮಗೆ ಮುಟ್ಟಿನ ಮೈಲಿಗೇನೇ ಇಲ್ಲ ಅಂತ ನೀವೇ ಹೇಳ್ತೀರಲ್ಲ."

ಅದು ನಿಜವೇ. ಲಿಂಗ ಕಟ್ಟಿದ ಮನೆಯಲ್ಲಿ ಸೂತಕವಿಲ್ಲ ಎಂದು ಅವರ ಸೊಸೆ ಆ ದಿನಗಳಲ್ಲೂ ಪೂಜೆ ಮಾಡುತ್ತಿದ್ದಳು.

"ಮೈಲಿಗೆ ಇಲ್ಲ ಕಣೇ. ಹಂಗಂತ ಮಾವ, ಮೈದುನ, ಹಮಾಲಿಗಳು ಕೂತಿರೋ ಹಜಾರದಾಗೆ ಗರ್ಭಕೋಶ ಇಟ್ಕಂಡು ಪಾಠ ಮಾಡ್ತಾರಾ? ಒಳಮನೆ ಮಾತು ಒಳಗಿರ್ಬೇಕು" ಎಂದು ಅವರು ಎದ್ದುಹೋದರು. ಎದ್ದದ್ದೂ ಸ್ವಲ್ಪ ಬೇಗನೇ ಅಂತ ಅಮ್ಮನಿಗೆ ಆಮೇಲೆ ಅನ್ನಿಸಿತಂತೆ.

ಅಲ್ಲಿಂದ ಪ್ರತಿ ಬುಧವಾರ ಮಧ್ಯಾಹ್ನ ಅರಸೀಕೆರೆಯಲ್ಲಿ ದೇವರದೇ ದರ್ಶನ.

ಆಗಲೇ ದೊಡ್ಡಮ್ಮನಲ್ಲಿ ಏನೋ ಬದಲಾಗಿತ್ತು. ನಮ್ಮ ಮನೆಗೆ ಬಂದರೆ ಚಾಪೆ ಹಾಸಿದರೂ ಕೂರುತ್ತಿರಲಿಲ್ಲ, ಕಂಬಕ್ಕೊರಗಿ ನಿಂತೇ ಮಾತಾಡಿ ಹೋಗುತ್ತಿದ್ದರು. ತಿಳಿ ಬಣ್ಣದ ಸೀರೆ ಉಡುವುದನ್ನು ಬಿಟ್ಟಿದ್ದರು. ಸಂಘದ ಹೆಂಗಸರು ಮಠಕ್ಕೆ ಹೊರಟಾಗ ಕಾಲುನೋವು ಎಂದು ಹಿಂದುಳಿದರು. ಒಂದು ಮಂಗಳವಾರ ಸಂಜೆ ಹಿತ್ತಿಲ ಬಾಗಿಲಿನಿಂದ ಬಂದರು. ಮುಂಬಾಗಿಲು ಬಿಟ್ಟು ಅವರು ಬಂದದ್ದು ಅದೇ ಮೊದಲು.

"ಜಾವಗಲ್ಲಾಗೆ ನಿನ್ ತಂಗಿ ಮನೇಗೆ ಯಾವ ಕೇಬಲ್ಲೇ?"

"ಅದು ಬೇರೆಯವರದು ದೊಡ್ಡಮ್ಮ. ಅಲ್ಲಿ ದೇವರು ಬರಲ್ಲ" ಎಂದು ಅಮ್ಮ ನಕ್ಕಳು.

ಅವರು ನಗಲಿಲ್ಲ. "ಆ ಡಾಕ್ಟ್ರಮ್ಮನ್ ಪಾಠ ಅಲ್ಲೂ ಹಾಕ್ತಾವ್ರೇನೋ. ನೋಡ್ಕಂಡ್ ಬರಾಣ, ನಾಳಿಕೆ ಬತ್ತೀಯಾ? ಹಾಕ್ತಿದ್ರೆ ಅಲ್ಲೂ ನಿಲ್ಲಿಸ್ಬೇಕು."

ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಅಮ್ಮ, ನಾನು, ದೊಡ್ಡಮ್ಮ ಹೊರಟೆವು. ಚಳವಳಿಗೆ ಹೊರಟವರ ಹಾಗೆ ಅವರು ಸೆರಗು ಬಿಗಿದುಕೊಂಡಿದ್ದರು. ದಾರಿಯುದ್ದಕ್ಕೂ ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತಲೇ ಇದ್ದರು. ಅವರ ಕೀರ್ತಿ ಜಾವಗಲ್‌ವರೆಗೂ ಹಬ್ಬಿತ್ತಲ್ಲ, ಅವರು ಹೊಸ್ತಿಲು ದಾಟಿದ್ದೇ ತಡ ನಮ್ಮ ಚಿಕ್ಕಮ್ಮ ಓಡಿಹೋಗಿ ಟಿವಿಯ ಸೌಂಡನ್ನು ಪೂರ್ತಿ ತಗ್ಗಿಸಿದಳು. ಊಟವಾಯಿತು. ಗಂಡಸರು ತೋಟಕ್ಕೆ ಹೋದರು. ಹೊತ್ತಿಗೆ ಸರಿಯಾಗಿ ಡಾಕ್ಟರಮ್ಮ ಬಂದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ ಕೂತು, ಅಟ್ಟದಲ್ಲಿ ಕಾಯಿ ಅಲ್ಲಾಡಿಸಿ ಕೇಳುವಾಗಿನ ಹಾಗೆ ಕತ್ತು ವಾಲಿಸಿಕೊಂಡು ನೋಡಿದರು.

"ಸೌಂಡ್ ಜಾಸ್ತಿ ಮಾಡವ್ವ."

ಚಿಕ್ಕಮ್ಮ ಅಮ್ಮನ ಮುಖ ನೋಡಿದಳು. ಜಾಸ್ತಿ ಮಾಡಿದಳು.

"ಇನ್ನೂ ಜಾಸ್ತಿ."

ಎಲ್ಲಿಂದಲೋ ಒಬ್ಬ ಹೆಂಗಸು ಕಾರ್ಯಕ್ರಮಕ್ಕೆ ಫೋನು ಮಾಡಿ ಅದನ್ನೇ ಕೇಳಿದಳು. ಮುಟ್ಟು ನಿಂತು ಬಹಳ ಕಾಲವಾದ ಮೇಲೆ ಮತ್ತೆ ಕಂಡಿದೆ, ಯಾರಿಗೂ ಹೇಳಿಲ್ಲ ಎಂದು. ಡಾಕ್ಟರಮ್ಮ ಹೇಳಿದರು: ಒಂದೇ ಸಲ ಕಂಡರೂ ಸುಮ್ಮನಿರಬೇಡಿ, ಬೇಗ ಡಾಕ್ಟರಿಗೆ ತೋರಿಸಿ. ಬಹಳ ಸಲ ಏನೂ ಇರುವುದಿಲ್ಲ. ಇದ್ದರೂ ಬೇಗ ಗೊತ್ತಾದರೆ ವಾಸಿ ಮಾಡಬಹುದು. ನಾಚಿಕೆಪಟ್ಟುಕೊಂಡು ಕೂತರೆ ಮಾತ್ರ ಕಷ್ಟ…

ನಮ್ಮೂರಿನಲ್ಲಿ ಶಿವನ ಕುಟುಂಬದ ಹಿಂದೆ ಅಡಗಿಹೋಗಿದ್ದ ಅರ್ಧ ಮಾತು ಅದು.

ದೊಡ್ಡಮ್ಮ ಟಿವಿಯಿಂದ ಕಣ್ಣು ತೆಗೆಯದೆ ಅಮ್ಮನ ಕೈ ಹಿಡಿದುಕೊಂಡರು. "ನಂಗೂ ಹಂಗೇ ಆಗೈತೆ ಕಣೇ. ದೀಪಾವಳಿ ಆದ್ಮೇಲಿಂದ" ಎಂದರು. ಆಗ ಶಿವರಾತ್ರಿ ಹತ್ತಿರ ಬಂದಿತ್ತು. ಫೋನು ಎತ್ತಿ ಒಂದು ಊರನ್ನೇ ಸುಮ್ಮನಾಗಿಸುತ್ತಿದ್ದ ಆ ಗಂಟಲಿನಲ್ಲಿ ಅಷ್ಟು ಸಣ್ಣ ದನಿಯೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಹಾಸನದ ಆಸ್ಪತ್ರೆಗೆ ಅಮ್ಮನೇ ಕರೆದುಕೊಂಡು ಹೋದಳು. ಮನೆಯವರಿಗೆ ಹೇಳಿದ್ದು ಮೊಣಕಾಲು ನೋವು ಎಂದು, ಸೊಸೆಗೆ ಮಾತ್ರ ನಿಜ ತಿಳಿಸಿದ್ದರು. ಡಾಕ್ಟರು ಪರೀಕ್ಷೆ ಮಾಡಿ, ಒಳಗಿನಿಂದ ಚೂರು ತೆಗೆದು ಟೆಸ್ಟಿಗೆ ಕಳಿಸಿ, ರಿಪೋರ್ಟ್ ಬರಲಿ, ಆಮೇಲೆ ಹೇಳೋಣ ಎಂದರು.

ಆ ಕಾಯುವ ದಿನಗಳಲ್ಲಿ, ಕೇಬಲ್‌ನವನು ರೂಢಿಯಂತೆ ತಾನೇ ಹಾಕುತ್ತಿದ್ದ ಬುಧವಾರದ ದೇವರೊಂದನ್ನು ಬಿಟ್ಟರೆ, ನಮ್ಮೂರಿನ ಟಿವಿಗೆ ದೇವರು ಬರುವುದೇ ನಿಂತುಹೋಯಿತು. ಎಂಥೆಂಥ ಹಾಡುಗಳು ಬಂದರೂ ಎದುರುಮನೆಯಿಂದ ಫೋನಿಲ್ಲ. ಮೊದಮೊದಲು ಊರಿಗೆ ಹಬ್ಬವೇ ಆಯಿತು. ಆಮೇಲಾಮೇಲೆ ಜನಕ್ಕೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಮಳೆಯಲ್ಲಿ ತೊಯ್ದ ನಾಯಕಿ ಪೂರ್ತಿ ಹಾಡು ಮುಗಿಸಿ ಹೋದ ಸಂಜೆ ಕೇಬಲ್‌ನವನು ನಮ್ಮ ಬಾಗಿಲಿಗೇ ಬಂದ.

"ಅಕ್ಕಾರೇ, ಅಮ್ಮಾವ್ರಿಗೆ ನನ್ ಮ್ಯಾಲೆ ಏನಾರ ಕ್ವಾಪಾನಾ? ಫೋನೇ ಮಾಡ್ತಿಲ್ಲ. ನಂಗೇ ಸ್ವಿಚ್ ಅದುಮಾಣ ಅನ್ನಿಸ್ತೈತೆ, ಎಲ್ಲಿ ಅದುಮ್ಬೇಕು ಅಂತ ಗೊತ್ತಾಗ್ತಿಲ್ಲ."

"ಕ್ವಾಪ ಎಲ್ಲಾ ಏನಿಲ್ಲ ಕಣಪ್ಪ, ಮಂಡಿ ನೋವು" ಎಂದಳು ಅಮ್ಮ. ಅವನು ಹೋದ ಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಮ್ಮನ ಅಮ್ಮ ಗರ್ಭಕೋಶದ ಕ್ಯಾನ್ಸರಿಗೆ, ಬಹಳ ದಿನ ಯಾರಿಗೂ ಹೇಳದೆ, ಹೋಗಿದ್ದವಳು. ಹೇಳುವ ಹೊತ್ತಿಗೆ ಏನೂ ಉಳಿದಿರಲಿಲ್ಲ…

ರಿಪೋರ್ಟ್ ತರಲು ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಕಾಗದ ಓದುವಾಗ ದೊಡ್ಡಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. "ಕೆಟ್ಟದ್ದೇನೂ ಇಲ್ಲಮ್ಮ. ಒಂದು ಸಣ್ಣ ಗಂಟು, ತೆಗೆದುಬಿಟ್ಟರೆ ಆಯ್ತು" ಎಂದರು ಡಾಕ್ಟರು. ದೊಡ್ಡಮ್ಮ ಇನ್ನೊಂದು ಸಲ ಹೇಳಿ ಎಂದರು. ಅವರು ಹೇಳಿದರು. ಹೊರಗೆ ಬಂದು ಕಾರಿಡಾರಿನಲ್ಲಿ ಅಮ್ಮ ಅತ್ತಳು, ದೊಡ್ಡಮ್ಮ ಅಳಲಿಲ್ಲ. "ಹೊಟ್ಟೆ ಹಸೀತೈತೆ ಕಣೇ, ನಡಿ" ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿಂದು, ಸಾಲದೆಂದು ಇನ್ನೊಂದು ತರಿಸಿದರು. ಅರಸೀಕೆರೆಯ ರೈಲಿನಲ್ಲಿ ಎದುರು ಸೀಟಿನಲ್ಲಿದ್ದ ಅಪರಿಚಿತ ಹೆಂಗಸಿಗೆ, ಅವಳು ಹೂ ಕಟ್ಟುತ್ತಿದ್ದವಳು, ಪೂರ್ತಿ ಪಾಠ ಒಪ್ಪಿಸಿಬಿಟ್ಟರು. ಡಾಕ್ಟರಮ್ಮ ಹೇಳಿದ್ದಷ್ಟನ್ನೂ, ಅದಕ್ಕಿಂತ ಜೋರಾಗಿ. ಆ ಸಾಲಿನ ಗಂಡಸರೆಲ್ಲ ಕಿಟಕಿಯಾಚೆ ಹಾರನಹಳ್ಳಿಯ ಕಡೆ ನೋಡುತ್ತಾ ಕೂತರು.

ಅವತ್ತು ಸಂಜೆ ನಾವು ಮನೆಯಲ್ಲಿ ಟಿವಿ ಹಾಕಿದ್ದೆವು. ಹಾಡೊಂದು ಬರುತ್ತಿತ್ತು. ನಾಯಕ ನಾಯಕಿಯ ಸೊಂಟದ ಹತ್ತಿರ ಕೈ ತಂದ. ತಂದನಷ್ಟೇ.

ಶಿವ, ಪಾರ್ವತಿ, ಗಣಪ, ನಂದಿ!

"ಬಂದ ಕಣೇ, ದೇವರು ಬಂದ!" ಎಂದು ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಬೀದಿಯ ಒಂದೊಂದು ಮನೆಯಿಂದಲೂ ಅದೇ ಮಾತು ಕೇಳಿತು. ಹಾಡು ತಪ್ಪಿದ್ದಕ್ಕೆ ಯಾರೂ ಗೊಣಗಲಿಲ್ಲ. ಅಂಥ ನೆಮ್ಮದಿಯಿಂದ ಆ ಪಟಕ್ಕೆ ನಾನು ಕೈಮುಗಿದದ್ದು ಅದೊಂದೇ ಸಲ.

ಬುಧವಾರ ಬಂತು. ಮಧ್ಯಾಹ್ನ ಡಾಕ್ಟರಮ್ಮನ ಕಾರ್ಯಕ್ರಮ ಅರಸೀಕೆರೆಯಲ್ಲಿ ಪೂರ್ತಿ ಬಂತು. ಆಗಷ್ಟೇ ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈ ಹಾಕಿದ್ದ ಕೇಬಲ್‌ನವನನ್ನು ದೊಡ್ಡಮ್ಮನೇ ಕಿಟಕಿಯಿಂದ ಬೈದು ನಿಲ್ಲಿಸಿದ್ದರಂತೆ. "ದೇವ್ರಿಗೂ ಮಧ್ಯಾಹ್ನ ಒಂಚೂರು ಮಲಗಾಕೆ ಬಿಡಪ್ಪ" ಎಂದು. ಹಾಗೆಂದು ಅವರು ಬದಲಾಗಿಬಿಟ್ಟರು ಎಂದುಕೊಳ್ಳಬೇಡಿ. ಹಾಡುಗಳ ಮೇಲೆ ಕೊನೆಯವರೆಗೂ ಕರುಣೆ ತೋರಲಿಲ್ಲ. ಡಾಕ್ಟರಮ್ಮನ ವಿಷಯದಲ್ಲೂ ಮೊದಲು ಯಾರೂ ನೋಡಕೂಡದು ಎನ್ನುತ್ತಿದ್ದವರು ಈಗ ಎಲ್ಲರೂ ನೋಡಲೇಬೇಕು ಎಂದು ಹಟ ಹಿಡಿದರು. ಗುರುವಾರ ಬೆಳಿಗ್ಗೆ ಮನೆಮನೆಗೆ ಬಂದು ನಿನ್ನೆ ಏನು ಹೇಳಿದರು ಎಂದು ಪರೀಕ್ಷೆ ಮಾಡುತ್ತಿದ್ದರು. ಮದುವೆಯಾಗಿ ಬೇಲೂರಿಗೆ ಬರುವವರೆಗೂ ನನಗೆ ಆ ಪರೀಕ್ಷೆ ತಪ್ಪಲಿಲ್ಲ.

ಆಮೇಲೆ ಅವರು ಬಹಳ ಕಾಲ ಬಾಳಿದರು. ಮೊಮ್ಮಕ್ಕಳ ಮದುವೆ ಮಾಡಿ, ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮುಖ ನೋಡಲಾಗಲಿಲ್ಲ ಎನ್ನುವುದು ಈಗಲೂ ಚುಚ್ಚುತ್ತದೆ… ತಾರಸಿಯಲ್ಲಿ ಡಿಶ್ ಮಾತ್ರ ತುಕ್ಕು ಹಿಡಿದುಕೊಂಡು ಆಕಾಶ ನೋಡುತ್ತಿತ್ತು. ಈಗ ಅದೂ ಇಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು, ಯಾರು ಏನು ನೋಡುತ್ತಾರೋ. ಯಾರನ್ನಾದರೂ ತಡೆಯುವವರು ಈಗಲೂ ಇದ್ದಾರೆ, ಬೇಕಾದಷ್ಟು. ಆದರೆ ಅವರು ಫೋನು ಮಾಡದಿದ್ದರೆ ಬಾಗಿಲಿಗೆ ಬಂದು ಹುಷಾರಾಗಿದ್ದಾರಾ ಎಂದು ಕೇಳುವವರು ಇದ್ದಾರೋ ಇಲ್ಲವೋ ಕಾಣೆ.

ನರ್ಸಿಂಗ್ ಹೋಮಿನ ಆ ಕ್ಯಾಲೆಂಡರಿನ ಕೆಳಗೇ ಒಂದು ಟಿವಿ ಇತ್ತು. ಅದರಲ್ಲಿ ಯಾರೋ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕೈಯಲ್ಲಿ ಅಂಥದೇ ಪ್ಲಾಸ್ಟಿಕ್ ಗರ್ಭಕೋಶ ಹಿಡಿದು ಏನೋ ಹೇಳುತ್ತಿದ್ದರು. ಬೆಂಚಿನ ಮೇಲೆ ಗಂಡಸರಿದ್ದರು, ಹೆಂಗಸರಿದ್ದರು. ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಮೈಯೆಲ್ಲಾ ಕಿವಿ ಮಾಡಿಕೊಂಡು ಕೂತಿರಲೂ ಇಲ್ಲ. ದೇವರು ಮೇಲೆ, ಡಾಕ್ಟರಮ್ಮ ಕೆಳಗೆ, ಅವರವರ ಪಾಡಿಗೆ ಇದ್ದರು.

ಅಮ್ಮ ಕ್ಯಾಲೆಂಡರನ್ನು ನೋಡಿದಳು, ಟಿವಿಯನ್ನು ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಕೌಂಟರಿನಲ್ಲಿದ್ದ ನರ್ಸಿನ ಕಡೆ ತಿರುಗಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದಳು.

"ಸೌಂಡ್ ಜಾಸ್ತಿ ಮಾಡವ್ವ!"