ನೆಲ್ವಾ ಮರೆತ ಚರಣ

ಮೊಂತೆವಿದೆಯೋ ನಗರದ ನೆಲ್ವಾ ಬಿಸಿಯೊ ಹನ್ನೊಂದು ವರ್ಷ ಒಂದು ರಾಕ್ ತಂಡದಲ್ಲಿ ಹಾಡಿದವಳು. ಡ್ರಮ್ ಬಾರಿಸುವವನು ಸ್ಪೇನಿಗೆ ಹೊರಟುಹೋದ ಮೇಲೆ ತಂಡ ಚದುರಿತು. ಬೆಳಿಗ್ಗೆ ಶಾಲೆಯಲ್ಲಿ ಸಂಗೀತ ಕಲಿಸುತ್ತ, ತಾನೇ ಬರೆದ ಹಾಡುಗಳ ಎರಡು ಆಲ್ಬಮ್‌ಗಳನ್ನು ಒಬ್ಬಳೇ ತಂದಳು. ಅವು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಮೂರನೆಯದನ್ನು ಜನರ ನಡುವೆ ಕೂತೇ ಹಾಡಿಬಿಡು ಎಂದವನು ಧ್ವನಿಮುದ್ರಣ ಮಾಡುವ ಗೆಳೆಯ ವಿಲ್ಮಾರ್. ದೊಡ್ಡಮ್ಮ ದೆಲ್ಮಿರಾಳ ಹೊಲಿಗೆ ಅಂಗಡಿ ಮುಚ್ಚಿ ವರ್ಷವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಅಲ್ಲೇ ಮೂವತ್ತು ಕುರ್ಚಿ ಹಾಕಿದರು. ಅಲ್ಲಿಯವರು ಚಹಾದಂತೆ ಹಂಚಿಕೊಂಡು ಕುಡಿಯುವ ‘ಮಾತೆ’ ಎಂಬ ಎಲೆಯ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಸಾಗುತ್ತಿತ್ತು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ.

ಮೂರನೆಯ ಹಾಡು ತೀರಿಹೋದ ಅಮ್ಮನ ಕುರಿತದ್ದು. ಎರಡನೆಯ ಚರಣಕ್ಕೆ ಬಂದಾಗ ನೆಲ್ವಾಳ ಬಾಯಿಂದ ಮಾತೇ ಹೊರಡಲಿಲ್ಲ. ಗಿಟಾರ್ ನಿಂತಿತು. ಯಾರೂ ಕೆಮ್ಮಲಿಲ್ಲ.

"ಮರ್ತೋಯ್ತಾ, ಮಗಾ? ಪರ್ವಾಗಿಲ್ಲ, ನಾವೇನೂ ಎದ್ದು ಹೋಗಲ್ಲ," ಎಂದಳು ದೊಡ್ಡಮ್ಮ.

ಎಲ್ಲರೂ ನಕ್ಕರು. ನೆಲ್ವಾ ಉಳಿದದ್ದನ್ನು ಗುನುಗಿ ಮುಗಿಸಿದಳು. ಆ ತಡೆದ ಭಾಗವನ್ನು ಕತ್ತರಿಸಿಬಿಡು ಎಂದು ವಿಲ್ಮಾರ್‌ಗೆ ಹೇಳಿದಳು. ಅವನು ಒಪ್ಪಲಿಲ್ಲ, ಕೊನೆಗೆ ಅವಳೇ ಸೋತಳು.

ಆಲ್ಬಮ್ ಹೊರಬಂದದ್ದೇ ತಡ, ಜನ ಹಚ್ಚಿಕೊಂಡದ್ದು ಆ ಮೌನವನ್ನೇ. ಸಾಲ್ತೊ ಊರಿನಲ್ಲಿ ಆ ಚರಣವನ್ನು ತಪ್ಪಿಲ್ಲದೆ ಹಾಡಿದಾಗ ಸಭೆ ಸಪ್ಪಗಾಯಿತು. ಪಾಯ್ಸಂದೂವಿನಲ್ಲಿ ಬೇಕೆಂದೇ ನಿಲ್ಲಿಸಿದಳು, ಚಪ್ಪಾಳೆಯೋ ಚಪ್ಪಾಳೆ. ಅವರು ಮೆಚ್ಚಿದ್ದು ಹಾಡನ್ನೋ, ತನ್ನ ಸೋಲನ್ನೋ?

ಮನೆಗೆ ಮರಳಿ ದೊಡ್ಡಮ್ಮನ ಅಡುಗೆಮನೆಯಲ್ಲಿ ಕೂತು ನಡೆದದ್ದೆಲ್ಲ ಹೇಳಿಕೊಂಡಳು. ದೊಡ್ಡಮ್ಮ ಹಿಟ್ಟು ನಾದುತ್ತಲೇ ಕೇಳಿದಳು:

"ಅವತ್ತು ನಿಜವಾಗ್ಲೂ ಮರ್ತಿದ್ಯಾ?"

ಹೌದು ಎನ್ನಲು ಹೊರಟವಳು ತಡೆದುಕೊಂಡಳು. ಅವಳಿಗೇ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮನ ಕೊನೆಯ ದಿನ ಒಡಹುಟ್ಟಿದವಳೂ ಬರಲಿಲ್ಲ ಎಂದಿತ್ತು ಆ ಚರಣದಲ್ಲಿ. ಆ ಒಡಹುಟ್ಟಿದವಳು, ಇದೇ ದೊಡ್ಡಮ್ಮ, ಅವತ್ತು ಎದುರಿಗೇ ಕೂತಿದ್ದಳಲ್ಲ.

"ಹೇಳು, ಏನಿದೆ ಅದ್ರಲ್ಲಿ?"

ನೆಲ್ವಾ ತಲೆ ತಗ್ಗಿಸಿ ಹೇಳಿದಳು. ನಾದುವ ಕೈ ನಿಂತಿತು.

"ಬಂದಿದ್ದೆ ಕಣೇ. ಕೆಳಗೆ ಬೆಂಚಿನ ಮೇಲೆ ಸಂಜೆ ತನಕ ಕೂತಿದ್ದೆ. ಮುಖ ತೋರಿಸ್ಬೇಡ ಅಂದಿದ್ಳು ನಿಮ್ಮಮ್ಮ. ಮೆಟ್ಲು ಹತ್ತೋ ಧೈರ್ಯ ಬರ್ಲಿಲ್ಲ."

ಹಾಗಾದರೆ ಇಷ್ಟು ವರ್ಷ ತಾನು ಯಾರ ಮೇಲೆ ಮುನಿಸಿಕೊಂಡಿದ್ದು? ಅಮ್ಮ ಯಾಕೆ ಹಾಗಂದಳು? ದೊಡ್ಡಮ್ಮ ಅದನ್ನು ಹೇಳಲಿಲ್ಲ, ನೆಲ್ವಾ ಕೆದಕಲಿಲ್ಲ.

ಮುಂದಿನ ಕಛೇರಿಯಲ್ಲಿ ಜನ ಆ ಹಾಡಿಗಾಗಿ ಕೂಗಿದರು. ಅದರಲ್ಲೊಂದು ಸುಳ್ಳಿದೆ, ಸರಿಪಡಿಸುವುದು ಹೇಗೆಂದು ಇನ್ನೂ ತಿಳಿದಿಲ್ಲ ಎಂದಳು ನೆಲ್ವಾ. ಕೆಲವರು ಇದೂ ಆಟವೆಂದುಕೊಂಡು ನಕ್ಕರು. ಅವಳು ಗಿಟಾರಿನ ತಂತಿ ಬಿಗಿಮಾಡಿ ಬೇರೆ ಹಾಡು ಎತ್ತಿಕೊಂಡಳು.