ಕಡುಬಿನ ಪಾತ್ರೆ

ಆಪರೇಷನ್ ಆಗಿ ಹೆಂಡತಿ ಮಲಗಿದ್ದಾಳೆ. ಗದ್ದೆ ನಟ್ಟಿಯಾಗದೆ ಬಿದ್ದಿದೆ, ನೆಡಬೇಕಾದ ಅಗೆ ಸಸಿ ಬಲಿಯುತ್ತಿದೆ. ಯಾರನ್ನಾದರೂ ಕರೆಯಿರಿ ಎಂದು ಅವಳು ಹೇಳುತ್ತಲೇ ಇದ್ದಾಳೆ. ನನಗೋ ಬಾಯಿ ಬರುವುದಿಲ್ಲ. ಈ ಬಿಗುಮಾನ ಅಪ್ಪನಿಂದ ಬಂದ ಆಸ್ತಿ. ನೀರು ಕಾಯಿಸಲು ದೊಡ್ಡ ಪಾತ್ರೆ ಬೇಕೆಂದು ಇವತ್ತು ಅಟ್ಟ ಹತ್ತಿದೆ. ಗೋಣಿಚೀಲ ಸರಿಸಿದರೆ ಕಡುಬು ಬೇಯಿಸುವ ದೊಡ್ಡ ತಾಮ್ರದ ಪಾತ್ರೆ! ಅಂಚಿನಲ್ಲಿ ಅಮ್ಮನ ತವರು ಅಡ್ಡಗದ್ದೆಯ ಹೆಸರು, ಅವಳ ಮದುವೆಯ ಇಸವಿ. ಅಲ್ಲೇ ಕೂತುಬಿಟ್ಟೆ. ಏಕೆಂದು ಹೇಳುತ್ತೇನೆ, ಕೇಳಿ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನಾಗ ಕೊಪ್ಪದಲ್ಲಿ ಕಾಲೇಜು ಓದುತ್ತಿದ್ದೆ. ಮಳೆ ಹಿಡಿದ ಹೊತ್ತಿಗೇ ಅಪ್ಪ ಗದ್ದೆಯ ಅಂಚಿನಲ್ಲಿ ಜಾರಿ ಕಾಲು ಮುರಿದುಕೊಂಡರು. ನಮ್ಮ ಕಡಹಿನಬೈಲಿನಲ್ಲಿ ನಟ್ಟಿ ನಡೆಯುತ್ತಿದ್ದುದು ಮುಯ್ಯಾಳಿನಲ್ಲಿ. ಇವತ್ತು ನಾವು ಅವರ ಗದ್ದೆಗೆ, ನಾಳೆ ಅವರು ನಮ್ಮ ಗದ್ದೆಗೆ.

"ಈ ಸಲ ನಾನು ಯಾರ ಗದ್ದೆಗೂ ಇಳಿದಿಲ್ಲ. ಯಾವ ಮುಖ ಇಟ್ಕೊಂಡು ಕರೆಯೋದು? ಯಾರನ್ನೂ ಕರೀಕೂಡ್ದು" ಎಂದು ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದರು. ನಟ್ಟಿಯಾಗದಿದ್ದರೆ ವರ್ಷವಿಡೀ ಊಟಕ್ಕೇ ತತ್ವಾರ.

ಅಮ್ಮ ವಾದ ಮಾಡಲಿಲ್ಲ. "ದೇವ್ರು ಕಳಿಸ್ತಾನೆ" ಎಂದು, ಇದ್ದ ಅಕ್ಕಿಯನ್ನೆಲ್ಲ ಬೀಸಿ ಕಡುಬಿಗೆ ತರಿ ಮಾಡಿದಳು. ನಟ್ಟಿಯ ದಿನ ಆಳುಗಳಿಗೆ ಕಡುಬು ಮಾಡುವುದು ರೂಢಿ. ಆದರೆ ಆಳೇ ಇಲ್ಲವಲ್ಲ! ನನಗೆ ಮೈಯೆಲ್ಲ ಉರಿಯಿತು.

"ಯಾರೂ ಬರದಿದ್ರೆ?" ಎಂದೆ.

"ಬರದಿದ್ರೆ ಮೂರು ಹೊತ್ತೂ ನೀನೇ ತಿನ್ನು ಮಾರಾಯ. ಈಗ ತಿಮ್ಮಪ್ಪಣ್ಣನ ಮನೆಗೆ ಹೋಗಿ ಕಡುಬಿನ ದೊಡ್ಡ ಪಾತ್ರೆ ಇಸ್ಕೊಂಡು ಬಾ. ಬೇರೆ ಎಂತದೂ ಮಾತಾಡಬೇಡ."

ಪಕ್ಕದ ಗದ್ದೆಯ ತಿಮ್ಮಪ್ಪಣ್ಣನಿಗೂ ಅಪ್ಪನಿಗೂ ನೀರಿನ ಜಗಳವಾಗಿ ಮಾತು ನಿಂತಿತ್ತು. ಅವರ ಹೆಂಡತಿ ಪಾತ್ರೆ ಕೊಡುತ್ತಾ, "ನಾಳೆ ನಟ್ಟಿಯನಾ?" ಎಂದು ಕೇಳಿದರು. ಗೊತ್ತಿಲ್ಲ ಎಂದು ಪೆದ್ದನ ಹಾಗೆ ನಿಂತೆ.

ಬೆಳಿಗ್ಗೆ ಟಿಲ್ಲರ್ ಸದ್ದು. ಮುಂದೆ ತಿಮ್ಮಪ್ಪಣ್ಣ, ಹಿಂದೆ ಕೇರಿಯ ಹೆಂಗಸರು.

"ದೇವ್ರಿಗೆ ಬೇರೆ ಯಾರೂ ಸಿಗ್ಲಿಲ್ವನೆ?" ಅಪ್ಪ ಅಮ್ಮನನ್ನು ಕೇಳಿದರು.

"ಜಗಳ ಹಾಗೇ ಇರ್ಲಿ, ಮೊದ್ಲು ನಟ್ಟಿ ಮುಗೀಲಿ" ಎಂದು ತಿಮ್ಮಪ್ಪಣ್ಣ ಅಂಗಳದಿಂದಲೇ ಹೇಳಿ ಗದ್ದೆಗಿಳಿದರು.

ಇಷ್ಟು ವರ್ಷ ಈ ಕಥೆಯನ್ನು ದೇವರ ಪವಾಡವೆಂದೇ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಈಗ ನೋಡಿದರೆ ಪಾತ್ರೆ ನಮ್ಮ ಅಟ್ಟದಲ್ಲೇ ಇತ್ತು. ಕೇಳೋಣವೆಂದರೆ ಅಮ್ಮ ಇಲ್ಲ. ದೇವರನ್ನು ನಂಬಿದ್ದಳು, ಅದರಲ್ಲಿ ಅನುಮಾನವಿಲ್ಲ. ಇಲ್ಲದಿದ್ದರೆ ಇದ್ದಬದ್ದ ಅಕ್ಕಿಯನ್ನೆಲ್ಲ ತರಿ ಮಾಡುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ನಟ್ಟಿ ಎಂದು ದೇವರಿಗೂ ಯಾರಾದರೂ ಹೇಳಬೇಕಲ್ಲ. ಅವಳನ್ನು ನೆನೆದು ನಗುವೂ ಬಂತು, ಅಳುವೂ ಬಂತು.

ಗೋಣಿಚೀಲವನ್ನು ಮೊದಲಿನಂತೆ ಮುಚ್ಚಿ ಇಳಿದೆ.

"ಪಾತ್ರೆ ಸಿಕ್ತಾ?" ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು.

"ಇಲ್ಲ" ಎಂದೆ. ಚಪ್ಪಲಿ ಮೆಟ್ಟಿಕೊಂಡು ತಿಮ್ಮಪ್ಪಣ್ಣನ ಮನೆಗೆ ಹೊರಟೆ, ಕಡುಬಿನ ಪಾತ್ರೆ ಇದ್ದರೆ ಕೊಡಿ ಎಂದು ಕೇಳಲು.