ಜೀರಿಗೆ ಕಷಾಯದ ಪರೀಕ್ಷೆ

ಆ ವರ್ಷ ನಮ್ಮ ಕುನ್ನತ್ತೂರಿನ ಮನೆಯಲ್ಲಿ ಇಬ್ಬರು ಬಸುರಿಯರಿದ್ದೆವು, ನಾನು ಮತ್ತು ನನ್ನ ಮೈದುನನ ಹೆಂಡತಿ. ಎಲ್ಲರೂ ಕಣ್ಣಿಟ್ಟು ಕಾಯುತ್ತಿದ್ದದ್ದು ಮಾತ್ರ ನನ್ನನ್ನು. ನನ್ನ ಮೊದಲ ಮಗು ಏಳು ತಿಂಗಳಿಗೇ ಹುಟ್ಟಿ ಮೂರು ದಿನ ಬದುಕಿತ್ತು. ಹಾಗಾಗಿ ತಿರುಪ್ಪೂರಿನ ಆಸ್ಪತ್ರೆಯಲ್ಲಿ ನನ್ನ ಚೀಟಿಗೆ ಕೆಂಪು ಗೆರೆ ಎಳೆದಿದ್ದರು. ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಗರ್ಭಕೋಶದ ಬಾಯಿ ಕುಗ್ಗಿದೆಯೇ ಎಂದು ಅಳೆಯುತ್ತಿದ್ದರು. ಅತ್ತೆ ನನಗೆ ಕೊಡ ಮುಟ್ಟಲೂ ಬಿಡುತ್ತಿರಲಿಲ್ಲ. ಮಲಗಿ ಮಲಗಿ ನನಗೆ ತಲೆ ಕೆಟ್ಟುಹೋಗಿತ್ತು.

ಮೈದುನನ ಹೆಂಡತಿಯ ಚೀಟಿಯಲ್ಲಿ ಏನೂ ಇರಲಿಲ್ಲ. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ಹೊಟ್ಟೆಯಲ್ಲಿ ಒಂದೇ ಮಗು, ವಯಸ್ಸು ಇಪ್ಪತ್ತನಾಲ್ಕು. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಇಲ್ಲ, ಇಲ್ಲ ಎಂದು ಹೇಳಿ ಬಂದು ನನ್ನ ತಟ್ಟೆ ತೊಳೆಯುತ್ತಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಏಳನೇ ತಿಂಗಳಲ್ಲಿ ಅವಳಿಗೆ ಎರಡೂ ಕೈ ತುಂಬ ಗಾಜಿನ ಬಳೆ ತೊಡಿಸಿದೆವು. ಅವಳು ಎಲ್ಲಿದ್ದಾಳೆಂದು ಬಳೆ ಸದ್ದಿನಿಂದಲೇ ಮಲಗಿದಲ್ಲಿ ನನಗೆ ಗೊತ್ತಾಗುತ್ತಿತ್ತು. ನಾಲ್ಕು ದಿನದ ನಂತರ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಆ ಸದ್ದು ನಿಂತುಹೋಯಿತು. ಗೋಡೆ ಹಿಡಿದುಕೊಂಡು ನನ್ನ ಬಳಿಗೆ ಬಂದಳು.

"ಅಕ್ಕಾ, ಇಡುಪ್ಪು ಹಿಡ್ಕೊಳ್ತದೆ. ಬತ್ತದೆ, ಹೋತದೆ," ಎಂದು ಸೊಂಟ ಒತ್ತಿಕೊಂಡಳು.

ನಮ್ಮವರಲ್ಲಿ ಇದಕ್ಕೊಂದು ಪರೀಕ್ಷೆಯಿದೆ. ಜೀರಿಗೆ ಹುರಿದು ಕುದಿಸಿದ ಕಷಾಯ ಕುಡಿಸುತ್ತಾರೆ. ನೋವು ಇಳಿದರೆ ಅದು ಸೂಟು ವಲಿ, ಬರೀ ಮೈ ಕಾವಿನ ನೋವು. ಏರಿದರೆ ಹೆರಿಗೆ ನೋವು. ಅತ್ತೆ ನನ್ನ ಮುಖ ನೋಡಿದರು. ಈ ವಿಷಯದಲ್ಲಿ ಮನೆಗೆಲ್ಲ ದೊಡ್ಡ ಪಂಡಿತೆ ನಾನೇ ತಾನೆ! ಮೊದಲ ಹೆರಿಗೆಯಲ್ಲಿ ನನಗೆ ಸೊಂಟ ನೋಯದೆ, ಇದ್ದಕ್ಕಿದ್ದಂತೆ ನೀರಿನ ಚೀಲ ಒಡೆದಿತ್ತು.

"ಸೂಟು ವಲಿನೇ ಅತ್ತೆ. ನಂಗೆ ಹಿಂಗಿರ್ಲಿಲ್ಲ," ಎಂದೆ.

ಕಷಾಯ ಕುಡಿದಳು. ಮಧ್ಯಾಹ್ನಕ್ಕೆ ನೋವು ಇಳಿಯಿತು. ನಾನು ಗೆದ್ದವಳಂತೆ ಮಗ್ಗುಲು ಬದಲಿಸಿದೆ.

ಮರುದಿನ ಬೆಳಿಗ್ಗೆ ನೋವು ತಿರುಗಿ ಬಂತು. ಆಸ್ಪತ್ರೆ ಸೇರಿದ ಅರ್ಧ ಗಂಟೆಯಲ್ಲಿ ಹೆಣ್ಣುಮಗು ಹುಟ್ಟಿತು, ಉಸಿರೆಳೆಯಲೂ ಶಕ್ತಿಯಿಲ್ಲದೆ. ನಿನ್ನೆಯೇ ಕರೆತಂದಿದ್ದರೆ ಅದರ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡಬಹುದಿತ್ತು ಎಂದರು ಡಾಕ್ಟರಮ್ಮ. ಹಟ ಹಿಡಿದು ಜೊತೆಗೆ ಹೋಗಿದ್ದ ನಾನು ಅವರ ಮೇಲೆಯೇ ರೇಗಿದೆ. ಇಷ್ಟೆಲ್ಲ ಅಳೆಯುತ್ತೀರಲ್ಲ, ಇವಳದು ಯಾಕೆ ಗೊತ್ತಾಗಲಿಲ್ಲ ಎಂದು ತಮಿಳಿನಲ್ಲಿ ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ಎಷ್ಟೋ ಜನರಲ್ಲಿ ಯಾವ ಸೂಚನೆಯೂ ಸಿಗುವುದಿಲ್ಲ, ಅದಕ್ಕೇ ನೋವು ಎಂದ ಕೂಡಲೇ ಬನ್ನಿ ಅನ್ನುವುದು ಎಂದರು.

ಮಗು ನಲವತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಉಳಿದುಕೊಂಡಿತು. ಕೆಂಪು ಗೆರೆಯ ನನಗೆ ದಿನ ತುಂಬಿ, ಮೇಲೆ ನಾಲ್ಕು ದಿನ ಕಳೆದರೂ ನೋವೇ ಬರಲಿಲ್ಲ. ಔಷಧಿ ಕೊಟ್ಟು ಹೆರಿಗೆ ಮಾಡಿಸಿದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಹುಡುಗಿಗೆ ಈಗ ನಾಲ್ಕು ವರ್ಷ. ಶೀತವಾದರೆ ಸಾಕು, ಎದೆ ಗೊರಗುಟ್ಟುತ್ತದೆ. ಅವಳ ತಾಯಿ ನನಗೆ ಒಂದು ಮಾತೂ ಅಂದಿಲ್ಲ. ಬೈದುಬಿಟ್ಟಿದ್ದರೆ ನನಗೆ ನಿರಾಳವಾಗುತ್ತಿತ್ತು.

ಈಗ ಅವಳು ಮತ್ತೆ ಬಸುರಿ. ಈ ಸಲ ಕೆಂಪು ಗೆರೆ ಅವಳ ಚೀಟಿಗೆ ಬಿದ್ದಿದೆ. ಹೋದ ವಾರ ಬಳೆ ತೊಡಿಸಿದೆವು. ಅಂದಿನಿಂದ ನಾನು ಮಿಕ್ಸಿಯನ್ನು ನಡುನಡುವೆ ನಿಲ್ಲಿಸಿ ಕಿವಿಗೊಡುತ್ತೇನೆ. ಎರಡು ಸಲ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎರಡು ಸಲವೂ ಏನಿಲ್ಲ ಎಂದು ವಾಪಸು ಕಳಿಸಿದರು.

ನಿನ್ನೆ ಮಧ್ಯಾಹ್ನ ಮಹಡಿಯಲ್ಲಿ ಬಳೆ ಸದ್ದು ನಿಂತಿತು. ಓಡಿದೆ. ಮಂಚದ ಅಂಚು ಹಿಡಿದು ನಿಂತಿದ್ದಳು.

"ತಿರುಗಾ ಹೋದ್ರೆ ನರ್ಸಮ್ಮಂದ್ರು ನಗ್ತಾರೆ ಅಕ್ಕಾ," ಎಂದಳು. "ನಿನ್ ಕೈಯಿಂದ ಒಂದು ಲೋಟ ಜೀರಿಗೆ ಕಷಾಯ ಕೊಡು, ಸಾಕು."

ಇನ್ನೂ ನನ್ನ ಕೈಯನ್ನೇ ನಂಬಿದ್ದಾಳೆ. ನನಗೆ ಅಳು ಉಕ್ಕಿ ಬಂತು.

"ನಗ್ಲಿ, ನಡಿ," ಎಂದು ಗದರಿ, ಮೊಳೆಯಲ್ಲಿದ್ದ ಕಾರಿನ ಬೀಗದ ಕೈ ತೆಗೆದುಕೊಂಡೆ.